ಹಾಜರಿ ಪುಸ್ತಕದ ಹೊರಗಿನವರು: ಹುಬ್ಬಳ್ಳಿ–ಧಾರವಾಡದ ಸಣ್ಣ ಉದ್ದಿಮೆಗಳಲ್ಲಿ ಸುರಕ್ಷತೆ ಮತ್ತು ಆರೋಗ್ಯ

ತಾರಿಹಾಳ ಕೈಗಾರಿಕಾ ಪ್ರದೇಶದಲ್ಲಿ ಹುಟ್ಟುಹಬ್ಬದ ಕೇಕಿನ ಮೇಲೆ ಹಚ್ಚುವ, ಕಿಡಿ ಕಾರುವ ಮೇಣದಬತ್ತಿ ಮಾಡುತ್ತಿದ್ದ ಸಣ್ಣ ಘಟಕವೊಂದಕ್ಕೆ 2022ರ ಜುಲೈ 23ರಂದು ಬೆಂಕಿ ಬಿತ್ತು. ಮೈ ಸುಟ್ಟುಕೊಂಡ ಕಾರ್ಮಿಕರನ್ನು ಹುಬ್ಬಳ್ಳಿಯ ಕಿಮ್ಸ್ ಆಸ್ಪತ್ರೆಗೆ ಒಯ್ದರು. ಅವರಲ್ಲಿ ಕೆಲವರು ಉಳಿಯಲಿಲ್ಲ. ಅದಕ್ಕೂ ಮೂರು ವರ್ಷ ಹಿಂದೆ, 2019ರ ಮಾರ್ಚ್ 19ರ ಮಧ್ಯಾಹ್ನ, ಧಾರವಾಡದ ಕುಮಾರೇಶ್ವರ ನಗರದಲ್ಲಿ ಇನ್ನೂ ಕಟ್ಟಿ ಮುಗಿಯದ ಬಹುಮಹಡಿ ಕಟ್ಟಡ ಕುಸಿದು 19 ಜನ ಸತ್ತರು. ಕೆಳಗಿನ ಅಂಗಡಿಗಳು ಆಗಲೇ ಬಾಗಿಲು ತೆರೆದಿದ್ದವು, ಮೇಲೆ ಕೆಲಸ ನಡೆದೇ ಇತ್ತು.

ಎರಡೂ ಸಲ ಊರಿನ ಚರ್ಚೆ ಪರವಾನಗಿಯ ಸುತ್ತ ನಡೆಯಿತು. ಯಾರು ಕೊಟ್ಟರು, ಯಾರು ಪಡೆಯಲಿಲ್ಲ, ಯಾರು ನೋಡಿಯೂ ಸುಮ್ಮನಿದ್ದರು. ಅವು ಕೇಳಲೇಬೇಕಾದ ಪ್ರಶ್ನೆಗಳು. ಅವಕ್ಕೆ ಉತ್ತರ ಕೊಡಬೇಕಾದದ್ದು ನ್ಯಾಯಾಲಯ. ಈ ಟಿಪ್ಪಣಿಯ ಪ್ರಶ್ನೆ ಬೇರೆ. ದುರಂತದ ಹಿಂದಿನ ದಿನ, ಎಂದಿನಂತೆ ಕೆಲಸ ನಡೆಯುತ್ತಿದ್ದ ಹೊತ್ತಿನಲ್ಲಿ, ಅಪಾಯವನ್ನು ಗಮನಿಸುವುದೇ ತನ್ನ ಕೆಲಸ ಎಂದು ತಿಳಿದ ಒಬ್ಬರಾದರೂ ಇಂಥ ಜಾಗಗಳಲ್ಲಿ ಇರುತ್ತಾರೆಯೆ? ಇದ್ದರೆ, 'ಇವತ್ತ ಕೆಲಸ ನಿಲ್ಲಸ್ರಿ' ಎಂದು ಹೇಳುವ ಅಧಿಕಾರ ಅವರಿಗಿರುತ್ತದೆಯೆ? ಒಂದೊಂದು ಶೆಡ್ಡನ್ನೂ ಬೇರೆ ಬೇರೆಯಾಗಿ ಎಣಿಸುತ್ತಾ ಹೋಗುವ ಪದ್ಧತಿಯಲ್ಲಿ ಅಂಥವರು ಇರಲು ಸಾಧ್ಯವೇ ಇಲ್ಲ, ಸುರಕ್ಷತೆಯ ವ್ಯವಸ್ಥೆಯನ್ನು ಇಡೀ ಕೈಗಾರಿಕಾ ಪ್ರದೇಶದ ಅಥವಾ ಇಡೀ ಮಾರುಕಟ್ಟೆಯ ಮಟ್ಟದಲ್ಲಿ ಕಟ್ಟಬೇಕು ಎಂಬುದು ನನ್ನ ವಾದ.

ಎಷ್ಟು ಜನ ಇದ್ದರೆ ಕಾರ್ಖಾನೆ?

ಭಾರತದ ಮೊದಲ ಕಾರ್ಖಾನೆ ಕಾಯ್ದೆ 1881ರದು. ಯಂತ್ರಶಕ್ತಿ ಬಳಸುವ, 100 ಅಥವಾ ಹೆಚ್ಚು ಜನ ದುಡಿಯುವ ಜಾಗಕ್ಕೆ ಮಾತ್ರ ಅದು ಅನ್ವಯಿಸುತ್ತಿತ್ತು. ವರ್ಷದಲ್ಲಿ ನಾಲ್ಕು ತಿಂಗಳೂ ನಡೆಯದ ಕಾರ್ಖಾನೆಗಳು ಅದರ ಹೊರಗಿದ್ದವು. ಧಾರವಾಡ ಜಿಲ್ಲೆ ಆಗ ಮುಂಬಯಿ ಪ್ರಾಂತಕ್ಕೆ ಸೇರಿದ ಹತ್ತಿಯ ಸೀಮೆ. 1840ರ ದಶಕದಲ್ಲೇ ಅಮೆರಿಕದ ಹತ್ತಿ ತಳಿಯ ಜೊತೆ ಗರಗಸದ ಹಲ್ಲಿನ ಜಿನ್ನುಗಳು ಈ ಭಾಗಕ್ಕೆ ಬಂದಿದ್ದವು. ಜಿನ್ನಿಂಗ್ ಎಂಬುದು ಸುಗ್ಗಿಯ ಕೆಲಸ. ಹತ್ತಿ ಬಂದಾಗ ಹಗಲಿರುಳು ನಡೆದು ಆಮೇಲೆ ಬೀಗ ಬೀಳುತ್ತದೆ. ಬೆರಳು ಎಳೆದುಕೊಳ್ಳುವ ಯಂತ್ರ, ಉಸಿರಿಗೆ ಹೊಗುವ ಅರಳೆಯ ದೂಳು, ರಾತ್ರಿ ಪಾಳಿಯ ನಿದ್ದೆಗಣ್ಣು ಮೂರೂ ಒಟ್ಟಿಗಿದ್ದ ಕೆಲಸವೇ ನಾಲ್ಕು ತಿಂಗಳ ಷರತ್ತಿನಿಂದ ಕಾಯ್ದೆಯ ಕೈತಪ್ಪುವಂತಿತ್ತು. ಖಾನದೇಶದ ಜಿನ್ನುಗಳಲ್ಲಿ ಹೆಂಗಸರು ಎಷ್ಟು ದೀರ್ಘಕಾಲ ದುಡಿಯುತ್ತಿದ್ದರೆಂಬುದು 1884–85ರ ಮುಂಬಯಿ ಕಾರ್ಖಾನೆ ಆಯೋಗದ ಮುಂದೆಯೇ ಬಂದಿತ್ತು.

ಅಲ್ಲಿಂದಾಚೆ ಈ ಸಂಖ್ಯೆ ಇಳಿಯುತ್ತಾ ಬಂತು: 1891ರಲ್ಲಿ 50, 1922ರಲ್ಲಿ 20, 1948ರ ಕಾರ್ಖಾನೆಗಳ ಕಾಯ್ದೆಯಲ್ಲಿ ಯಂತ್ರಶಕ್ತಿ ಇದ್ದರೆ 10, ಇಲ್ಲದಿದ್ದರೆ 20. ಒಂದೊಂದು ಇಳಿಕೆಯ ಹಿಂದೆಯೂ ಒಂದೇ ತಿಳಿವಳಿಕೆ ಇತ್ತು. ಅಪಾಯ ಜನಸಂಖ್ಯೆ ನೋಡಿ ಬರುವುದಿಲ್ಲ. 2020ರ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿಗಳ ಸಂಹಿತೆ 2025ರ ನವೆಂಬರ್ 21ರಿಂದ ಜಾರಿಗೆ ಬಂದಿದೆ. ಅದರಲ್ಲಿ 'ಕಾರ್ಖಾನೆ' ಎನಿಸಿಕೊಳ್ಳಲು ಯಂತ್ರಶಕ್ತಿ ಇದ್ದರೆ 20, ಇಲ್ಲದಿದ್ದರೆ 40 ಕಾರ್ಮಿಕರು ಬೇಕು. ಒಂದು ಶತಮಾನಕ್ಕೂ ಹೆಚ್ಚು ಕಾಲ ಮೇಲೇರದೆ ಇದ್ದ ಗೆರೆ ಕೇಂದ್ರದ ಕಾನೂನಿನಲ್ಲಿ ಮೊದಲ ಬಾರಿ ಮೇಲಕ್ಕೆ ಹೋಗಿದೆ.

ಸಂಹಿತೆಯನ್ನು ಇಷ್ಟರಿಂದಲೇ ಅಳೆಯುವುದು ಸರಿಯಲ್ಲ. ಮಾಲೀಕರ ಸಾಮಾನ್ಯ ಹೊಣೆಗಳು 10 ಜನ ಇರುವ ಸಂಸ್ಥೆಗಳಿಗೂ ಅನ್ವಯಿಸುತ್ತವೆ. ಜೀವಕ್ಕೆ ಅಪಾಯವಿರುವ ಕೆಲಸ ನಡೆಯುವಲ್ಲಿ ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸಿದರೆ ಈ ಸಂಖ್ಯೆಯ ಮಿತಿಯೇ ಇರುವುದಿಲ್ಲ. ಪ್ರತಿಯೊಬ್ಬ ನೌಕರನಿಗೂ ನೇಮಕಾತಿ ಪತ್ರ ಕೊಡಬೇಕು, ನಿಗದಿಯಾದ ವಯಸ್ಸು ದಾಟಿದವರಿಗೆ ವರ್ಷಕ್ಕೊಮ್ಮೆ ಪುಕ್ಕಟೆ ಆರೋಗ್ಯ ತಪಾಸಣೆ ಮಾಡಿಸಬೇಕು ಎಂಬ ವಿಧಿಗಳು ನಿಜಕ್ಕೂ ಮುಂದಿನ ಹೆಜ್ಜೆ. ಹಿಂದೆ ಸಾಮಾನ್ಯವಾಗಿ 1,000 ಕಾರ್ಮಿಕರಿದ್ದರೆ ಮಾತ್ರ ಕಡ್ಡಾಯವಾಗಿದ್ದ ಸುರಕ್ಷತಾ ಅಧಿಕಾರಿ ಈಗ 500ಕ್ಕೆ, ಅಪಾಯಕಾರಿ ಪ್ರಕ್ರಿಯೆ ಇದ್ದರೆ 250ಕ್ಕೆ ಕಡ್ಡಾಯ. ಆದರೆ ಗೋಕುಲ ರಸ್ತೆಯ, ತಾರಿಹಾಳದ, ರಾಯಾಪುರದ ಸಾಲು ಶೆಡ್ಡುಗಳಲ್ಲಿ ಎಂಟು, ಹನ್ನೆರಡು, ಹದಿನೆಂಟು ಜನ ದುಡಿಯುವಲ್ಲಿ 250 ಎಂಬ ಅಂಕಿಗೆ ಅರ್ಥವೇನು? ಎಣಿಸುವ ಮೊದಲು ಹಾಜರಿ ಪುಸ್ತಕದಲ್ಲಿ ಹೆಸರಿರಬೇಕು. ಗುತ್ತಿಗೆದಾರನ ಕಡೆಯಿಂದ ಬಂದ ಹೆಲ್ಪರ್, ದಿನಗೂಲಿಗೆ ಬಂದ ಹೆಣ್ಣುಮಗಳು, ಬಿಹಾರದಿಂದಲೋ ಒಡಿಶಾದಿಂದಲೋ ಬಂದು ಶೆಡ್ಡಿನ ಅಟ್ಟದ ಮೇಲೇ ಮಲಗುವ ಹುಡುಗ, ಇವರ ಹೆಸರು ಎಷ್ಟೋ ಕಡೆ ಆ ಪುಸ್ತಕದಲ್ಲಿ ಇರುವುದೇ ಇಲ್ಲ.

ಗದಗ ರಸ್ತೆಯ ಪಾಠ

ಊರಿನಲ್ಲಿ ಒಳ್ಳೆಯ ಮಾದರಿ ಇಲ್ಲವೆಂದಲ್ಲ. ಸದರ್ನ್ ಮರಾಠಾ ರೈಲ್ವೆಯ ಕಾಲದಲ್ಲಿ, 1880ರ ದಶಕದಲ್ಲಿ ಹುಟ್ಟಿದ, ಗದಗ ರಸ್ತೆಯ ಹುಬ್ಬಳ್ಳಿ ರೈಲ್ವೆ ವರ್ಕ್‌ಶಾಪ್ ಇಂದಿಗೂ ಬೋಗಿಗಳನ್ನು ಬಿಚ್ಚಿ ಕಟ್ಟುತ್ತಿದೆ. ಅಲ್ಲಿ ಸಂಘವಿದೆ, ರೈಲ್ವೆಯದೇ ಆಸ್ಪತ್ರೆಯಿದೆ, ಯಂತ್ರಕ್ಕೆ ಕೈಹಾಕುವ ಮೊದಲು ಕಲಿಸುವ ಪದ್ಧತಿಯಿದೆ. ತಲೆಮಾರುಗಳ ಕಾಲ ಒಂದೇ ಕಡೆ ಒಟ್ಟಾಗಿ ದುಡಿದವರು ಕೇಳಿ ಪಡೆದದ್ದು ಅದು.

ಅಲ್ಲಿಯೂ ಕಾನೂನಿನ ಗೆರೆಯೊಂದು ವಿಚಿತ್ರವಾಗಿ ಹಾದುಹೋಗಿದೆ. 1948ರ ಕಾಯ್ದೆಯ ವ್ಯಾಖ್ಯೆಯಲ್ಲಿ ರೈಲ್ವೆ ವರ್ಕ್‌ಶಾಪ್ ಕಾರ್ಖಾನೆ, ರೈಲ್ವೆ ರನ್ನಿಂಗ್ ಶೆಡ್ ಕಾರ್ಖಾನೆಯಲ್ಲ. ಹೊಸ ಸಂಹಿತೆಯೂ ಈ ಭೇದವನ್ನು ಉಳಿಸಿಕೊಂಡಿದೆ. ಒಂದೇ ಇಲಾಖೆ, ಒಂದೇ ಬಗೆಯ ಗ್ರೀಸು, ಒಂದೇ ಬಗೆಯ ಕ್ರೇನು. ಹೊರಗೆ ಕಟ್ಟಿದ ಬೋರ್ಡು ಬೇರೆ ಎಂಬ ಕಾರಣಕ್ಕೆ ಕಾಯ್ದೆಯೂ ಬೇರೆ. ವ್ಯಾಖ್ಯೆಯನ್ನೇ ನೆಚ್ಚಿಕೊಂಡ ಸುರಕ್ಷತೆ ಎಲ್ಲಿ ಸೋರುತ್ತದೆ ಎಂಬುದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ಬೇಡ.

ಟೆಸ್ಟ್ ಬೆಂಚಿನ ಮುಂದೆ

ಹುಬ್ಬಳ್ಳಿ ವಾಲ್ವ್ ತಯಾರಿಕೆಗೆ ಹೆಸರಾದ ಊರು. ಪೆಟ್ರೋಲಿಯಂ, ವಿದ್ಯುತ್, ನೀರು ಸರಬರಾಜಿನ ಕೊಳವೆ ಮಾರ್ಗಗಳಿಗೆ ಬೇಕಾದ ವಾಲ್ವುಗಳು ಇಲ್ಲಿಂದ ಹೋಗುತ್ತವೆ. ದೊಡ್ಡ ಕಂಪನಿಗಳ ಸುತ್ತ ಅವುಗಳಿಗೆ ಬಿಡಿಭಾಗ ಮಾಡಿಕೊಡುವ ಸಣ್ಣ ಮಶೀನ್ ಶಾಪುಗಳು ಬೆಳೆದಿವೆ. ಎರಕ, ಫೆಟ್ಲಿಂಗ್, ಟರ್ನಿಂಗ್, ಗ್ರೈಂಡಿಂಗ್, ಜೋಡಣೆ, ಪರೀಕ್ಷೆ, ಬಣ್ಣ ಹೀಗೆ ಒಂದೊಂದು ಹಂತಕ್ಕೂ ತನ್ನದೇ ಅಪಾಯವಿದೆ. ಅವುಗಳಲ್ಲಿ ಪರೀಕ್ಷೆಯ ಹಂತವನ್ನು ಇಲ್ಲಿ ಸ್ವಲ್ಪ ಹತ್ತಿರದಿಂದ ನೋಡುತ್ತೇನೆ. ಸುರಕ್ಷತೆ ಎಂದರೆ ಹೆಲ್ಮೆಟ್ಟು, ಗ್ಲೌಸು, ಗೋಡೆಯ ಮೇಲಿನ ಫಲಕ ಎಂಬ ಭ್ರಮೆ ಇಲ್ಲಿ ಬೇಗ ಒಡೆಯುತ್ತದೆ.

ತಯಾರಾದ ವಾಲ್ವಿನ ಎರಡೂ ಬಾಯಿ ಮುಚ್ಚಿ ಬೆಂಚಿಗೆ ಬಿಗಿದು ಒಳಗೆ ನೀರು ತುಂಬುತ್ತಾರೆ. ಕವಚ ಗಟ್ಟಿ ಇದೆಯೇ ಎಂದು ನೋಡಲು ಅದರ ನಿಗದಿತ ಒತ್ತಡದ ಒಂದೂವರೆ ಪಟ್ಟು ಏರಿಸುತ್ತಾರೆ. ನೀರು ಹೆಚ್ಚುಕಡಿಮೆ ಕುಗ್ಗದ ವಸ್ತು. ಎರಕದಲ್ಲಿ ಬಿರುಕಿದ್ದರೆ ನೀರು ಚಿಮ್ಮುತ್ತದೆ, ಕ್ಷಣದಲ್ಲಿ ಒತ್ತಡ ಬಿದ್ದುಹೋಗುತ್ತದೆ. ಅದೇ ಜಾಗದಲ್ಲಿ ಗಾಳಿ ತುಂಬಿದರೆ ಕಥೆ ಬೇರೆ. ಕುಗ್ಗಿಸಿದ ಗಾಳಿ ಅಷ್ಟೇ ಗಾತ್ರದ, ಅಷ್ಟೇ ಒತ್ತಡದ ನೀರಿಗಿಂತ ನೂರಾರು ಪಟ್ಟು ಶಕ್ತಿಯನ್ನು ಹಿಡಿದಿಟ್ಟುಕೊಂಡಿರುತ್ತದೆ. ಕವಚ ಒಡೆದರೆ ಲೋಹದ ಚೂರು ಗುಂಡಿನಂತೆ ಹಾರುತ್ತದೆ. ಆದ್ದರಿಂದಲೇ ಗಾಳಿಯ ಪರೀಕ್ಷೆ ಮಾಡಲೇಬೇಕಾದಾಗ ಒತ್ತಡವನ್ನು ಆರೇಳು ಬಾರ್‌ನೊಳಗೆ ಇಡುತ್ತಾರೆ. ಹೆಚ್ಚಿನ ಒತ್ತಡದ ಗಾಳಿ ಪರೀಕ್ಷೆಗೆ ಗೋಡೆಯ ಮರೆ, ದಪ್ಪ ಉಕ್ಕಿನ ಆವರಣ, ದೂರದ ನಿಯಂತ್ರಣ ಬೇಕು.

ಸಣ್ಣ ಶೆಡ್ಡಿನಲ್ಲಿ ಇದು ಎಲ್ಲಿ ತಪ್ಪುತ್ತದೆ ಎಂದು ಕೇಳಿದರೆ ಅನುಭವಿ ಫಿಟ್ಟರುಗಳು ತಕ್ಷಣ ಹೇಳಬಲ್ಲರು. ನೀರು ತುಂಬುವಾಗ ಒಳಗೆ ಸಿಕ್ಕಿಕೊಂಡ ಗಾಳಿಯನ್ನು ಪೂರ್ತಿ ಬಿಡದೆ ಒತ್ತಡ ಏರಿಸುವುದು. ಸಾಗಿಸುವ ದಿನ ಹತ್ತಿರ ಬಂದಾಗ ನೀರು ತುಂಬಿ ಒಣಗಿಸುವ ಹೊತ್ತು ಉಳಿಸಲು ನೇರ ಕಂಪ್ರೆಸರ್ ಹಚ್ಚುವುದು. ಒತ್ತಡ ಇರುವಾಗಲೇ ಸೋರುವ ಬೋಲ್ಟನ್ನು ಸ್ಪ್ಯಾನರಿನಿಂದ ಬಿಗಿಯಲು ಹೋಗುವುದು. ತಪಾಸಣೆ ಮಾಡಿಸದ ಒತ್ತಡ ಮಾಪಕ. ಮುಖವನ್ನು ಬೆಂಚಿನ ನೇರಕ್ಕೆ ತಂದು ಸೋರಿಕೆ ಹುಡುಕುವುದು. ಇವುಗಳಲ್ಲಿ ಒಂದನ್ನೂ ಹೆಲ್ಮೆಟ್ಟು ತಡೆಯಲಾರದು. ಒತ್ತಡ ಏರಿದ ಮೇಲೆ ಬೆಂಚಿನ ಹತ್ತಿರ ಕೈ ಹೋಗದಂತೆ ಅಡ್ಡಗಟ್ಟೆ, ಗಾಳಿ ಬಿಡಲು ಮೇಲ್ತುದಿಯಲ್ಲಿ ಒಂದು ಕಿಂಡಿ, ಸೋರಿಕೆ ನೋಡಲು ಒಂದು ಕನ್ನಡಿ, ಇವು ತಡೆಯುತ್ತವೆ. ಎಲ್ಲಕ್ಕಿಂತ ಮುಖ್ಯವಾಗಿ, 'ಗಾಳಿ ಹಚ್ಚಾಂಗಿಲ್ಲ' ಎಂದ ಫಿಟ್ಟರಿನ ಮಾತಿಗೆ ಆ ದಿನ ಶೆಡ್ಡಿನಲ್ಲಿ ಬೆಲೆ ಇರಬೇಕು.

ಅಪಾಯದ ಮೂಲವನ್ನೇ ತೆಗೆಯುವುದು ಮೊದಲು, ಕಡಿಮೆ ಅಪಾಯದ ವಿಧಾನಕ್ಕೆ ಬದಲಿಸುವುದು ನಂತರ, ಆಮೇಲೆ ಯಂತ್ರಕ್ಕೆ ತಡೆ, ಆಮೇಲೆ ಕೆಲಸದ ಕ್ರಮ, ಕೊನೆಗೆ ಮೈಮೇಲಿನ ರಕ್ಷಣೆ: ಔದ್ಯೋಗಿಕ ಆರೋಗ್ಯಶಾಸ್ತ್ರ ಒಪ್ಪಿದ ಅನುಕ್ರಮ ಇದು. ಸಣ್ಣ ಉದ್ದಿಮೆಯಲ್ಲಿ ಅದು ತಲೆಕೆಳಗಾಗಿ ಕೊನೆಯದೊಂದೇ ಉಳಿಯುತ್ತದೆ, ಏಕೆಂದರೆ ಗ್ಲೌಸು ಅಂಗಡಿಯಲ್ಲಿ ಸಿಗುತ್ತದೆ. ಬೆಂಚು ಬದಲಿಸಲು ಯೋಚನೆ ಬೇಕು, ಸಮಯ ಬೇಕು. ತಾರಿಹಾಳದ ಮೇಣದಬತ್ತಿ ಘಟಕದಂಥ ಜಾಗಕ್ಕೂ ಇದೇ ಮಾತು ಸಲ್ಲುತ್ತದೆ. ಕಿಡಿ ಹಿಡಿಯುವ ಪುಡಿಯನ್ನು ಕೂತವರ ಪಕ್ಕದಲ್ಲಿ ಎಷ್ಟು ಇಡಬೇಕು, ತುಂಬುವ ಜಾಗಕ್ಕೂ ಪ್ಯಾಕ್ ಮಾಡುವ ಜಾಗಕ್ಕೂ ಎಷ್ಟು ದೂರವಿರಬೇಕು, ಬಾಗಿಲು ಎಷ್ಟು, ಅವು ಹೊರಕ್ಕೆ ತೆರೆಯುತ್ತವೆಯೇ ಎಂಬುದೇ ಜೀವ ಉಳಿಸುವ ಪ್ರಶ್ನೆಗಳು. 1948ರ ಕಾಯ್ದೆಯ 37 ಮತ್ತು 38ನೆಯ ಕಲಮುಗಳು, ಸ್ಫೋಟಕ ದೂಳಿನ ಬಗ್ಗೆ ಮತ್ತು ಬೆಂಕಿಯಿಂದ ಪಾರಾಗುವ ದಾರಿಯ ಬಗ್ಗೆ, ಇವನ್ನೇ ಕೇಳಿದ್ದವು.

ಫೆಟ್ಲಿಂಗ್ ಬಗ್ಗೆ ಒಂದು ಮಾತು. ಎರಕಕ್ಕೆ ಅಂಟಿದ ಮರಳನ್ನು ಉಜ್ಜಿ ತೆಗೆಯುವಾಗ ಏಳುವ ದೂಳಿನಲ್ಲಿ ಕಣ್ಣಿಗೆ ಕಾಣದ ಸಿಲಿಕಾ ಇರುತ್ತದೆ. ಸಿಲಿಕೋಸಿಸ್ ಹೊಸ ರೋಗವಲ್ಲ. ಕೋಲಾರದ ಚಿನ್ನದ ಗಣಿಗಳಲ್ಲಿ ಅದನ್ನು 1940ರ ದಶಕದಲ್ಲೇ ಅಭ್ಯಾಸ ಮಾಡಿದ್ದರು. ಕಂಡರೆ ವರದಿ ಮಾಡಲೇಬೇಕಾದ ರೋಗಗಳ ಪಟ್ಟಿಯಲ್ಲಿ ಅದಿದೆ. ಆದರೆ ಕೆಮ್ಮು, ದಮ್ಮು, ತೂಕ ಇಳಿಯುವುದು ಇವನ್ನು ಹೇಳಿಕೊಂಡು ಬಂದ ಕಾರ್ಮಿಕನಿಗೆ ಕ್ಷಯದ ಮಾತ್ರೆ ಸಿಗುವುದೇ ಹೆಚ್ಚು. 1700ರಲ್ಲಿ ಇಟಲಿಯ ವೈದ್ಯ ರಾಮಝಿನಿ, ರೋಗಿಯನ್ನು ಕೇಳುವ ಪ್ರಶ್ನೆಗಳಿಗೆ 'ನೀನು ಮಾಡುವ ಕೆಲಸ ಯಾವುದು' ಎಂಬುದನ್ನೂ ಸೇರಿಸಿ ಎಂದಿದ್ದ. ನಮ್ಮ ಹೊರರೋಗಿ ಚೀಟಿಯಲ್ಲಿ ಹೆಸರು, ವಯಸ್ಸು, ಊರಿನ ಪಕ್ಕ ಆ ಒಂದು ಸಾಲು ಇನ್ನೂ ಖಾಯಂ ಆಗಬೇಕಿದೆ.

ಅಮರಗೋಳದ ಘಾಟು

ಕಾರ್ಖಾನೆ ಎಂಬ ಪದವೇ ಮುಟ್ಟದ ಕೆಲಸವೂ ಈ ಊರಿನಲ್ಲಿ ಬೇಕಾದಷ್ಟಿದೆ. ಅಮರಗೋಳದ ಎಪಿಎಂಸಿಗೆ ಸುಗ್ಗಿಯಲ್ಲಿ ಒಣ ಮೆಣಸಿನಕಾಯಿ ಬರುತ್ತದೆ. ಚೀಲ ಹೊರುವವರು ಹಮಾಲರು. ಕಾಯಿಯ ತುಂಬು ಬಿಡಿಸುವವರು ಹೆಣ್ಣುಮಕ್ಕಳು, ತೂಕದ ಲೆಕ್ಕದಲ್ಲಿ ಕೂಲಿ. ಬ್ಯಾಡಗಿಯಲ್ಲೂ ಇದೇ ದೃಶ್ಯ. ರಾಶಿಯ ಮುಂದೆ ಕುಕ್ಕರಗಾಲಿನಲ್ಲಿ ಕೂತು, ಸೆರಗನ್ನೇ ಮೂಗಿಗೆ ಸುತ್ತಿಕೊಂಡು, ಬರಿಗೈಯಲ್ಲಿ ತೊಟ್ಟು ಕೀಳುತ್ತಾರೆ. ಸಂಜೆ ಮನೆಗೆ ಹೋಗಿ ಕೂಸಿಗೆ ಹಾಲು ಕೊಡುವ ಮೊದಲು ಎಷ್ಟು ಸಲ ಕೈ ತೊಳೆದರೂ ಉರಿ ಹೋಗದು, ಏಕೆಂದರೆ ಖಾರದ ಅಂಶ ನೀರಿಗಿಂತ ಎಣ್ಣೆಯಲ್ಲಿ ಚೆನ್ನಾಗಿ ಕರಗುವಂಥದು. ಕೊಬ್ಬರಿ ಎಣ್ಣೆ ಹಚ್ಚಿ ಒರೆಸಿ ಆಮೇಲೆ ಸೋಪಿನಿಂದ ತೊಳೆಯಬೇಕೆಂಬುದು ಅವರೇ ಕಂಡುಕೊಂಡಿರುವ ಉಪಾಯ, ಅದರಲ್ಲಿ ರಸಾಯನಶಾಸ್ತ್ರವೂ ಇದೆ. ಸೆರಗು ಘಾಟನ್ನು ಸ್ವಲ್ಪ ತಡೆಯುತ್ತದೆ, ಸಣ್ಣ ದೂಳನ್ನು ತಡೆಯುವುದಿಲ್ಲ. ಗಾಳಿ ಬೀಸುವ ದಿಕ್ಕಿಗೆ ಬೆನ್ನು ಮಾಡಿ ಕೂರುವಂತೆ ರಾಶಿ ಹಾಕಿಸುವುದು, ಜರಡಿಯಂಥ ತಳದ ಮೇಜಿನ ಮೇಲೆ ಕಾಯಿ ಹರಡಿ ದೂಳು ಕೆಳಗಿಳಿಯುವಂತೆ ಮಾಡುವುದು, ಕೂರಲು ಗಿಡ್ಡ ಮಣೆ ಕೊಡುವುದು, ಇವುಗಳಿಗೆ ದೊಡ್ಡ ಬಂಡವಾಳ ಬೇಕಿಲ್ಲ. ಅಡತಿ ಅಂಗಡಿ ಒಬ್ಬೊಂಟಿಯಾಗಿ ಮಾಡಲಿಕ್ಕಿಲ್ಲ. ಮಾರುಕಟ್ಟೆ ಸಮಿತಿ ಮಾಡಬಹುದು.

ಹಮಾಲರ ವಿಷಯದಲ್ಲಿ ಮಾನದಂಡ ಹಳೆಯದೇ ಇದೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1967ರಲ್ಲೇ ಒಬ್ಬ ಗಂಡಾಳು ಹೊರುವ ಭಾರ 55 ಕಿಲೋ ಮೀರದಂತೆ ನೋಡಿಕೊಳ್ಳಲು ಶಿಫಾರಸು ಮಾಡಿತ್ತು. ಚೀಲದ ಗಾತ್ರ ನಿರ್ಧರಿಸುವವರು ಹಮಾಲರಲ್ಲ, ವ್ಯಾಪಾರಿಗಳು. ಬೆನ್ನುನೋವಿಗೆ ಮುಲಾಮು ಹಂಚುವ ಶಿಬಿರಕ್ಕಿಂತ ಚೀಲ ಚಿಕ್ಕದು ಮಾಡುವ ಒಂದು ಠರಾವು ಹೆಚ್ಚು ಕೆಲಸ ಮಾಡುತ್ತದೆ.

ಒಂದು ಪ್ರದೇಶ, ಒಂದು ವ್ಯವಸ್ಥೆ

ಸಣ್ಣ ಉದ್ದಿಮೆಗಳ ಈ ಸಮಸ್ಯೆ ನಮ್ಮದೊಂದೇ ಅಲ್ಲ. ಸ್ವೀಡನ್ನಿನಲ್ಲಿ 50ಕ್ಕಿಂತ ಕಡಿಮೆ ಜನ ಇರುವ, ಸುರಕ್ಷತಾ ಸಮಿತಿ ಇಲ್ಲದ ಉದ್ದಿಮೆಗಳಿಗಾಗಿ ಕಾರ್ಮಿಕ ಸಂಘಗಳು ಪ್ರಾದೇಶಿಕ ಸುರಕ್ಷತಾ ಪ್ರತಿನಿಧಿಗಳನ್ನು ನೇಮಿಸುವ ಪದ್ಧತಿ ದಶಕಗಳಿಂದ ಇದೆ. ಒಬ್ಬ ಪ್ರತಿನಿಧಿ ಹಲವು ಉದ್ದಿಮೆಗಳನ್ನು ಸುತ್ತುತ್ತಾನೆ. ಅವನು ಸರ್ಕಾರಿ ಇನ್ಸ್‌ಪೆಕ್ಟರ್ ಅಲ್ಲ, ಆ ಕೆಲಸದ ಒಳಹೊರಗು ಬಲ್ಲ ಕಾರ್ಮಿಕ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1980ರ ದಶಕದ ಕೊನೆಯಿಂದ ಏಷ್ಯಾದ ಸಣ್ಣ ಉದ್ದಿಮೆಗಳಿಗಾಗಿ ಬೆಳೆಸಿದ 'ವೈಸ್' ಎಂಬ ವಿಧಾನವೂ ಉಪಯುಕ್ತ. ಹೊರಗಿನ ತಜ್ಞನ ಉಪನ್ಯಾಸದ ಬದಲು, ಪಕ್ಕದ ಶೆಡ್ಡಿನಲ್ಲಿ ಆಗಲೇ ನಡೆದಿರುವ ಒಳ್ಳೆಯ ಪದ್ಧತಿಗಳ ಫೋಟೋ ತೆಗೆದು, ಚಿಕ್ಕ ಪಟ್ಟಿ ಹಿಡಿದು, ಮಾಲೀಕರೂ ಕಾರ್ಮಿಕರೂ ಕೂಡಿ ತಮ್ಮ ಜಾಗವನ್ನು ತಾವೇ ನೋಡಿಕೊಳ್ಳುವ ಕ್ರಮ ಅದು.

ಇವೆರಡನ್ನೂ ತಾರಿಹಾಳಕ್ಕೋ ಗೋಕುಲ ರಸ್ತೆಗೋ ಹೊಂದಿಸುವುದು ಕಷ್ಟವಲ್ಲ. ಪ್ರದೇಶಕ್ಕೊಂದು ಸುರಕ್ಷತಾ ಸಮಿತಿ, ಅದರಲ್ಲಿ ಅರ್ಧ ಜನ ಕಾರ್ಮಿಕರು. ಭೋಪಾಲದ ದುರಂತದ ನಂತರ 1987ರಲ್ಲಿ 1948ರ ಕಾಯ್ದೆಗೆ ಸೇರಿಸಿದ 41ಜಿ ಕಲಮು ಅಪಾಯಕಾರಿ ಕಾರ್ಖಾನೆಗಳಲ್ಲಿ ಈ ಸಮಪಾಲನ್ನೇ ಕೇಳಿತ್ತು. ಹೊಸ ಸಂಹಿತೆಯಲ್ಲಿ ಯಾವುದೇ ವರ್ಗದ ಸಂಸ್ಥೆಗಳಲ್ಲಿ ಸುರಕ್ಷತಾ ಸಮಿತಿ ರಚಿಸುವಂತೆ ಸರ್ಕಾರ ಆದೇಶಿಸಬಹುದು. ಪ್ರದೇಶ ಮಟ್ಟದ ಸಮಿತಿಗೆ ಬೇಕಾದ ನಿಯಮವನ್ನು ರಾಜ್ಯ ಅದರ ಜೊತೆಗೆ ರೂಪಿಸಲಿ. ಸಮಿತಿಯಲ್ಲಿ ಹೆಲ್ಪರುಗಳ ಪೈಕಿ ಒಬ್ಬರು, ಹೆಣ್ಣುಮಕ್ಕಳ ಪೈಕಿ ಒಬ್ಬರು ಇರಲೇಬೇಕು. ಅನುಭವಿ ಫಿಟ್ಟರ್ ಮಾತ್ರ ಇದ್ದರೆ ಸಾಲದು, ಏಕೆಂದರೆ ಕೆಲಸ ಕಲಿಯುತ್ತಿರುವ ಹೊಸಬರೇ ಹೆಚ್ಚು ಪೆಟ್ಟು ತಿನ್ನುವುದು. ಫಲಕಗಳು ಕನ್ನಡದಲ್ಲೂ ಹಿಂದಿಯಲ್ಲೂ ಇರಲಿ, ಓದಲು ಬಾರದವರಿಗೆ ಚಿತ್ರದಲ್ಲೂ ಇರಲಿ.

ಸಮಿತಿ ಇಡಬೇಕಾದ ದಾಖಲೆಯಲ್ಲಿ ಅಪಘಾತಕ್ಕಿಂತ 'ಸ್ವಲ್ಪದರಲ್ಲಿ ತಪ್ಪಿದ್ದು' ಮುಖ್ಯ. ಕಾನೂನಿನಂತೆ 48 ಗಂಟೆ ಕೆಲಸಕ್ಕೆ ಬಾರದಂತೆ ಮಾಡಿದ ಗಾಯವನ್ನು ವರದಿ ಮಾಡಬೇಕು. ಆದರೆ ಸ್ಲಿಂಗ್ ಕಳಚಿ ಯಾರ ಮೇಲೂ ಬೀಳದ ಎರಕ, ಹೊಗೆಯಾಡಿ ಆರಿಹೋದ ಸ್ವಿಚ್ ಬೋರ್ಡು, ಗಾರ್ಡ್ ಇಲ್ಲದ ಗ್ರೈಂಡರಿನಿಂದ ಹಾರಿ ಗೋಡೆಗೆ ಬಡಿದ ಚಕ್ರದ ಚೂರು ಎಲ್ಲೂ ದಾಖಲಾಗುವುದಿಲ್ಲ. ಹೆಸರು ಬರೆಯದೆ, ದಂಡ ಹಾಕದೆ ಇವನ್ನು ಬರೆದಿಡುವ ವಹಿ ಇದ್ದರೆ ಆರು ತಿಂಗಳಲ್ಲಿ ಆ ಪ್ರದೇಶದ ಅಪಾಯಗಳ ನಕ್ಷೆ ತಾನಾಗಿ ಸಿದ್ಧವಾಗುತ್ತದೆ. ಕಟ್ಟಡ ಕೆಲಸಕ್ಕೂ ಇದೇ ಬೇಕು. ಕಂಬದಲ್ಲಿ ಸೀಳು ಬಿಟ್ಟಿದ್ದನ್ನು ಮೊದಲು ಕಾಣುವವನು ಗೌಂಡಿ. ಅದನ್ನು ಹೇಳಿದ ಮಾತ್ರಕ್ಕೆ ನಾಳೆಯಿಂದ ಕೆಲಸ ತಪ್ಪುವಂತಿದ್ದರೆ ಅವನು ಹೇಳುವುದಿಲ್ಲ. ಅಪಾಯ ಕಂಡರೆ ತಿಳಿಸುವ ಹಕ್ಕು ಕಾನೂನಿನಲ್ಲಿದೆ, ತಿಳಿಸಿದವನ ಪಗಾರ ಉಳಿಯುತ್ತದೆ ಎಂಬ ಭರವಸೆಯನ್ನು ಸಮಿತಿಯೇ ಕೊಡಬೇಕು.

ದುಡ್ಡಿನ ಪ್ರಶ್ನೆಗೆ ಬರೋಣ. ನೌಕರರ ರಾಜ್ಯ ವಿಮೆ (ಇಎಸ್ಐ) ಯೋಜನೆ 10 ಜನ ಇರುವಲ್ಲಿ, ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳದವರಿಗೆ ಅನ್ವಯ. ಮಾಲೀಕರ ಪಾಲು ಶೇ 3.25, ನೌಕರರದು ಶೇ 0.75. ಕೆಲಸದಲ್ಲಿ ಗಾಯವಾಗಿ ತಾತ್ಕಾಲಿಕವಾಗಿ ಕೆಲಸ ಮಾಡಲಾಗದಿದ್ದರೆ ಸಂಬಳದ ಶೇ 90 ಸಿಗುತ್ತದೆ. ಹುಬ್ಬಳ್ಳಿಯಲ್ಲಿ ಇಎಸ್ಐ ಆಸ್ಪತ್ರೆಯೂ ಇದೆ. ವರ್ಷಕ್ಕೊಮ್ಮೆ ಶ್ವಾಸಕೋಶದ ಪರೀಕ್ಷೆ, ಶ್ರವಣ ಪರೀಕ್ಷೆ ಮಾಡುವ ವಾಹನ ಪ್ರದೇಶಕ್ಕೇ ಬಂದರೆ ಒಂದು ದಿನದ ಪಗಾರ ಕಳೆದುಕೊಂಡು ಆಸ್ಪತ್ರೆಗೆ ಹೋಗುವ ಹಂಗು ಇರುವುದಿಲ್ಲ. ಒಂದು ಶೆಡ್ಡಿನ ಮಾಲೀಕನಿಗೆ ನರ್ಸನ್ನು ಇಡುವುದು ಆಗದ ಮಾತು. ಅರವತ್ತು ಶೆಡ್ಡುಗಳು ಕೂಡಿದರೆ ಹಗಲು ಪಾಳಿಗೆ ಒಬ್ಬರನ್ನು, ಒಂದು ಆಂಬ್ಯುಲೆನ್ಸನ್ನು ಇಡಬಹುದು.

ನೀರಿನ ವಿಷಯ ಇಲ್ಲಿ ಬರಲೇಬೇಕು. ಸುಟ್ಟ ಗಾಯಕ್ಕೆ ಮೊದಲ ಚಿಕಿತ್ಸೆ 20 ನಿಮಿಷ ಹರಿಯುವ ತಣ್ಣೀರು. ನಳದ ನೀರಿಗೆ ಹಲವು ದಿನ ಕಾಯುವ ಬಡಾವಣೆಗಳಿರುವ ಅವಳಿ ನಗರದಲ್ಲಿ ಆ 20 ನಿಮಿಷದ ನೀರು ಎಲ್ಲಿಂದ ಬರಬೇಕು? ಬೆಂಕಿಯ, ಆಮ್ಲದ, ಬಿಸಿ ಲೋಹದ ಕೆಲಸ ನಡೆಯುವ ಶೆಡ್ಡುಗಳ ಪ್ರತಿ ಸಾಲಿಗೂ ಬೇರೆ ಬಳಕೆಗೆ ಮುಟ್ಟದ ಒಂದು ಮೇಲ್ತೊಟ್ಟಿ, ಅದಕ್ಕೆ ಕೈಯಿಂದ ಎಳೆದರೆ ಸುರಿಯುವ ಶವರ್, ತೊಟ್ಟಿ ತುಂಬಿದೆಯೇ ಎಂದು ಪ್ರತಿ ಪಾಳಿಯ ಆರಂಭದಲ್ಲಿ ನೋಡಿ ಸಹಿ ಹಾಕುವ ಒಬ್ಬ ಕಾರ್ಮಿಕ. ತಾರಿಹಾಳದಲ್ಲಿ ಸಮಿತಿ ರಚನೆಯಾದರೆ ಅದರ ಮೊದಲ ಸಭೆಯ ಮೊದಲ ಠರಾವು ಇದಾಗಬೇಕು.